ಸೈಲೆನ್ಸರ್ ಪಕ್ಕಕ್ಕೆ ತಿರುಗಿಸುವ ಮುನ್ನ: ಫಾರ್ಮುಲಾ ಕಾರು ಕಟ್ಟುವ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಬಿಡಕಿನ್, ಪೈಠಣ ರಸ್ತೆ
ಛತ್ರಪತಿ ಸಂಭಾಜಿನಗರ ಜಿಲ್ಲೆ, ಮಹಾರಾಷ್ಟ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಸುರತ್ಕಲ್, ಮಣಿಪಾಲ, ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಎಲ್ಲೇ ಇರಿ, ಕಾಲೇಜಿನ ವರ್ಕ್‌ಶಾಪಿನಲ್ಲಿ ರಾತ್ರಿ ಹಗಲು ಕೂತು ಒಂಟಿ ಸೀಟಿನ ರೇಸ್ ಕಾರು ಕಟ್ಟುತ್ತಿರುವ ನಿಮಗೆಲ್ಲ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಧಾರವಾಡ ಸೀಮೆಯವನು. ಪೈಪು ಬಗ್ಗಿಸಿ, ಬೆಸೆದು, ಸೈಲೆನ್ಸರ್ ಕಟ್ಟುವುದು ನನ್ನ ಕಸುಬು. ಅದೇ ಕಸುಬು ನನ್ನನ್ನು ಗೋದಾವರಿಯ ಈ ಬಯಲಿಗೆ ತಂದಿದೆ. ಸಂಭಾಜಿನಗರದ ಸುತ್ತಮುತ್ತ ಇಂಜಿನಿಯರಿಂಗ್ ಕಾಲೇಜುಗಳಿಗೂ ಕೊರತೆಯಿಲ್ಲ, ವಾಹನ ಕಾರ್ಖಾನೆಗಳಿಗೂ ಕೊರತೆಯಿಲ್ಲ. ಹಾಗಾಗಿ ನಿಮ್ಮಂಥ ಹುಡುಗರು ಆಗಾಗ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಬರುತ್ತಾರೆ. ಬಂದವರಲ್ಲಿ ಬಹಳ ಮಂದಿ ಕೇಳುವುದು ಒಂದೇ: "ಸೈಲೆನ್ಸರ್ ಹಿಂದಕ್ಕೆ ಬೇಡ, ಸೈಡಿಗೆ ತೆಗೆದುಕೊಡಿ."

ನನ್ನ ವಿನಂತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಸೈಡಿಗೆ ತೆಗೆಯಿರಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದನ್ನು ಕೊನೆಯ ವಾರದ ಕೆಲಸ ಮಾಡಬೇಡಿ. ಪೈಪಿನ ಬಾಯಿ ಯಾವ ಕಡೆಗೆ ಬರುತ್ತದೋ ಆ ಕಡೆ ಯಾರು ಕೂತಿರುತ್ತಾರೆ, ಯಾರು ನಿಂತಿರುತ್ತಾರೆ, ಯಾರು ಇಳಿಯುತ್ತಾರೆ ಎಂದು ನೋಡಿ, ಅಲ್ಲಿಂದ ನಕ್ಷೆ ಶುರುಮಾಡಿ.

ಸೈಡ್ ಎಕ್ಸಾಸ್ಟ್ ಬರೀ ಷೋಕಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 38 ಮಿ.ಮೀ. ಹೊರವ್ಯಾಸದ, 1.2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪೈಪು ಮೀಟರಿಗೆ 1.1 ಕೆ.ಜಿ. ತೂಗುತ್ತದೆ. ಹಿಂದಿನ ಆಕ್ಸಲ್ ದಾಟಿಸುವ ಬದಲು ಪಕ್ಕಕ್ಕೆ ತೆಗೆದರೆ ಒಂದು, ಒಂದೂವರೆ ಕೆ.ಜಿ. ಉಳಿಯಬಹುದು. ಅದಕ್ಕಿಂತ ಮುಖ್ಯವಾದದ್ದು ತೂಕ ಕೂರುವ ಜಾಗ. ಹಿಂದೆ ಎತ್ತರದಲ್ಲಿ ಜೋತಾಡುತ್ತಿದ್ದ ಸೈಲೆನ್ಸರ್ ಕಾರಿನ ನಡುವಿಗೆ, ನೆಲದ ಹತ್ತಿರಕ್ಕೆ ಬರುತ್ತದೆ. ಕೋನುಗಳ ನಡುವೆ ಎಡಕ್ಕೂ ಬಲಕ್ಕೂ ಹೊರಳಬೇಕಾದ ಇನ್ನೂರು ಕೆ.ಜಿ. ಆಸುಪಾಸಿನ ಕಾರಿಗೆ ಈ ವ್ಯತ್ಯಾಸ ನಿಜಕ್ಕೂ ಗೊತ್ತಾಗುತ್ತದೆ. 1957ರಲ್ಲಿ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ತಂದಾಗಿನಿಂದ ಹಗುರ ಕಾರು ಕಟ್ಟುವವರು ಪಕ್ಕದ ಪೈಪನ್ನು ಬಿಟ್ಟಿಲ್ಲ. 1973ರಲ್ಲಿ ಆ ಕಾರಿನ ಹಕ್ಕು ಪಡೆದ ಕೇಟರ್ಹ್ಯಾಮ್ ಕಂಪನಿಯ ಕಾರುಗಳಲ್ಲೂ ಬಾನೆಟ್ಟಿನ ಪಕ್ಕದಿಂದ ಹೊರಟು ಮೈಯುದ್ದಕ್ಕೂ ಓಡುವ ಪೈಪನ್ನು ನೀವು ಚಿತ್ರಗಳಲ್ಲಿ ನೋಡಿಯೇ ಇರುತ್ತೀರಿ. ಆ ಕಾರಿನಿಂದ ಇಳಿಯುವಾಗ ಮೊಣಕಾಲ ಕೆಳಗೆ ಸುಟ್ಟುಕೊಂಡವರ ಕಥೆಯೂ ಅಷ್ಟೇ ಹಳೆಯದು. ಅದನ್ನು ಮಾತ್ರ ಚಿತ್ರಗಳು ಹೇಳುವುದಿಲ್ಲ.

ಹಿಂದೆ ಒಂದು ತಂಡ ಬಂದಿತ್ತು. ಯಾವ ಕಾಲೇಜು ಎನ್ನುವುದು ಬೇಡ. ಸ್ಪರ್ಧೆಗೆ ದಿನ ಎಣಿಸುತ್ತಿದ್ದರು. ಚಾಸಿಸ್ ಚೆನ್ನಾಗಿತ್ತು, ಸಸ್ಪೆನ್ಷನ್ನಿನ ಕೆಲಸ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಎಂಜಿನ್ ಕೆಟಿಎಂ 390. ಚಾಲಕರ ತಲೆಯ ಹಿಂದಿನ ಮೇನ್ ಹೂಪಿನ ಪಕ್ಕದಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಸೈಲೆನ್ಸರ್ ಕೂರಿಸಿ ಎಂದರು. ಬೈಕಿನದೊಂದು ಪುಟ್ಟ ಡಬ್ಬಿಯನ್ನೂ ತಂದಿದ್ದರು. ಕೂರಿಸಿದೆ. ಎಂಜಿನ್ ಶುರುಮಾಡಿ ಮೂರು ನಿಮಿಷ ಆಗಿರಲಿಕ್ಕಿಲ್ಲ, ಸೀಟಿನಲ್ಲಿದ್ದ ಹುಡುಗಿ ಕೈ ಎತ್ತಿ ನಿಲ್ಲಿಸಲು ಹೇಳಿದಳು. ಬಲಗೈಯ ಮೊಣಕೈ ತಾಗುವ ಕಡೆ ಸೈಡ್ ಪ್ಯಾನೆಲ್ಲಿನ ಫೈಬರ್ ಮೆತ್ತಗಾಗಿ ಉಬ್ಬಿತ್ತು, ರಾಳದ ಘಾಟು ಬರುತ್ತಿತ್ತು. ಕಣ್ಣು ಉರಿಯುತ್ತಿದೆ ಎಂದೂ ಹೇಳಿದಳು. ಹೊಗೆ ಹೊರಕ್ಕೆ ಹೋದಂತೆ ಕಂಡರೂ ನಿಂತ ಕಾರಿನಲ್ಲಿ ಗಾಳಿ ತಿರುಗಿ ಅದನ್ನು ಸೀಟಿನೊಳಗೇ ತಂದು ಬಿಡುತ್ತಿತ್ತು. ವೆಲ್ಡಿಂಗಿನಲ್ಲಿ ತಪ್ಪಿರಲಿಲ್ಲ, ಪೈಪು ಸೋರುತ್ತಿರಲಿಲ್ಲ. ಆ ಪೈಪಿಗೆ ನಕ್ಷೆಯಲ್ಲಿ ಜಾಗವನ್ನೇ ಇಟ್ಟಿರಲಿಲ್ಲ, ಅಷ್ಟೇ.

ಶಬ್ದದ ಮಾತು ಮೊದಲು ಆಡೋಣ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮದಲ್ಲಿ ಮೈಕನ್ನು ಪೈಪಿನ ಬಾಯಿಯ ಮಟ್ಟದಲ್ಲಿ, ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಇಟ್ಟು ಅಳೆಯುತ್ತಾರೆ. ಐಡಲ್‌ನಲ್ಲಿ 103, ಪರೀಕ್ಷೆಯ ವೇಗದಲ್ಲಿ 110 ಡೆಸಿಬೆಲ್ (ಸಿ) ಮಿತಿ. ನಿಯಮದ ಪುಸ್ತಕ ವರ್ಷವರ್ಷ ತಿದ್ದುಪಡಿಯಾಗುತ್ತದೆ, ಈ ವರ್ಷದ್ದನ್ನು ನೀವೇ ಓದಿಕೊಳ್ಳಿ. ನಾನು ಹೇಳಬೇಕೆಂದಿರುವುದು ಆ ಡೆಸಿಬೆಲ್ ಪಕ್ಕದಲ್ಲಿರುವ 'ಸಿ' ಅಕ್ಷರದ ಬಗ್ಗೆ. ರಸ್ತೆಯ ಮೇಲೆ ಬಳಸುವ 'ಎ' ಅಳತೆ ಮನುಷ್ಯನ ಕಿವಿಯ ಹಾಗೆ ತಗ್ಗು ಸ್ವರಗಳನ್ನು ಬಹಳಷ್ಟು ಮಾಫಿ ಮಾಡುತ್ತದೆ. 'ಸಿ' ಅಳತೆ ಹಾಗೆ ಮಾಡುವುದಿಲ್ಲ.

ಇದು ನಿಮ್ಮ ಕಾರಿಗೆ ಎಷ್ಟು ಮುಖ್ಯ ಎಂದು ಲೆಕ್ಕ ಹಾಕಿ ನೋಡಿ. 373 ಸಿಸಿಯ ಕೆಟಿಎಂ 390ರ ಸ್ಟ್ರೋಕು 60 ಮಿ.ಮೀ. ನಿಯಮದಂತೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15.25 ಮೀಟರ್ ಎಂದು ಹಿಡಿದರೆ ಪರೀಕ್ಷೆಯ ವೇಗ 7,625 ಆರ್‌ಪಿಎಂ, ಸರಿಹೊಂದಿಸಿದರೆ 7,500. ಒಂದೇ ಸಿಲಿಂಡರು, ನಾಲ್ಕು ಸ್ಟ್ರೋಕು, ಅಂದರೆ ಎರಡು ಸುತ್ತಿಗೆ ಒಂದು ಸಿಡಿತ. ಸೆಕೆಂಡಿಗೆ 62.5 ಸಿಡಿತ. ಆ ಆವರ್ತನದಲ್ಲಿ 'ಎ' ಅಳತೆ 26 ಡೆಸಿಬೆಲ್ ಕಳೆದು ತೋರಿಸುತ್ತದೆ, 'ಸಿ' ಅಳತೆ ಕಳೆಯುವುದು ಒಂದಕ್ಕಿಂತ ಕಡಿಮೆ. ಕಿವಿಗೆ "ಪರವಾಗಿಲ್ಲ, ಮೆತ್ತಗಿದೆ" ಅನಿಸಿದ ಕಾರು ಮೀಟರಿನ ಮುಂದೆ ಫೇಲಾಗುವುದು ಇದಕ್ಕೇ. ಮೊಬೈಲಿನ ಆ್ಯಪಿನಲ್ಲಿ ಅಳೆದು ಧೈರ್ಯ ತಂದುಕೊಳ್ಳುವ ಹುಡುಗರಿಗೆ ನಾನು ಕೈಮುಗಿದು ಹೇಳುತ್ತೇನೆ: ಅದು 'ಎ'ಯೋ 'ಸಿ'ಯೋ ಮೊದಲು ನೋಡಿ. ಸಾಧ್ಯವಾದರೆ ಕಾಲೇಜಿನ ಅಕೌಸ್ಟಿಕ್ಸ್ ಲ್ಯಾಬಿನಿಂದ ನಿಜವಾದ ಸೌಂಡ್ ಮೀಟರ್ ಕೇಳಿ ತನ್ನಿ.

ಈಗ ಡಬ್ಬಿಯೊಳಗೇನಿದೆ ನೋಡಿ. ಬಜಾರಿನಲ್ಲಿ ಸಿಗುವ ನೇರ ಸೈಲೆನ್ಸರುಗಳಲ್ಲಿ ಮಧ್ಯೆ ತೂತುತೂತಿನ ಪೈಪು, ಅದರ ಸುತ್ತ ಗ್ಲಾಸ್ ವೂಲ್. ಕಿರಿಚುವ ಎತ್ತರದ ಸ್ವರವನ್ನು ಈ ಹತ್ತಿ ಚೆನ್ನಾಗಿ ನುಂಗುತ್ತದೆ. ಒಂಟಿ ಸಿಲಿಂಡರಿನ ಆ ತಗ್ಗು ಧಡಧಡಕ್ಕೆ ಅದರಿಂದ ಏನೂ ಆಗುವುದಿಲ್ಲ. ಆ ಧ್ವನಿಗೆ ಬೇಕಾದದ್ದು ಖಾಲಿ ಕೋಣೆ. ಅನಿಲ ಹಠಾತ್ತನೆ ಹಿಗ್ಗಿ, ಮತ್ತೆ ಕುಗ್ಗಿ, ಅಲೆ ತನಗೆ ತಾನೇ ಡಿಕ್ಕಿ ಹೊಡೆದು ಸಾಯಬೇಕು. ಬಿಸಿ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 550 ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ 62.5 ಹರ್ಟ್ಸಿನ ಅಲೆಯ ಉದ್ದ 8.8 ಮೀಟರ್. ಕಾಲು ಅಲೆಯೇ 2.2 ಮೀಟರ್ ಆಯಿತು. ಅಷ್ಟುದ್ದದ ಕೋಣೆ ಯಾವ ಕಾರಿನಲ್ಲೂ ಹಿಡಿಯದು. ಹಾಗಾಗಿ ಉದ್ದದಲ್ಲಿ ಸಿಗದ್ದನ್ನು ಗಾತ್ರದಲ್ಲಿ ಗಳಿಸಬೇಕು: ಪೈಪಿನ ಅಡ್ಡಕೊಯ್ತಕ್ಕೆ ಹತ್ತು, ಹನ್ನೆರಡು ಪಟ್ಟು ಅಗಲದ ಕೋಣೆ, ಇಲ್ಲವೇ ಪಕ್ಕಕ್ಕೊಂದು ಕುತ್ತಿಗೆ ಕೊಟ್ಟು ಆ ಆವರ್ತನಕ್ಕೇ ಶ್ರುತಿ ಮಾಡಿದ ಹೆಲ್ಮ್‌ಹೋಲ್ಟ್ಸ್ ಡಬ್ಬಿ. ಎರಡಕ್ಕೂ ಲೀಟರುಗಟ್ಟಲೆ ಜಾಗ ಬೇಕು. ಕಾರೆಲ್ಲ ಕಟ್ಟಿ ಮುಗಿದ ಮೇಲೆ ಸೀಟಿಗೂ ಹಿಂದಿನ ಚಕ್ರಕ್ಕೂ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ರೇಡಿಯೇಟರಿಗೆ ಜಾಗ ಮೀಸಲಿಟ್ಟ ದಿನವೇ ಇದಕ್ಕೂ ಮೀಸಲಿಡಬೇಕು. ನಾನು ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಈ ಒಂದು ಮಾತಿಗೆ.

"ಅಣ್ಣಾ, ದೊಡ್ಡ ಡಬ್ಬಿ ಹಾಕಿದರೆ ಪವರ್ ಹೋಗುತ್ತೆ" ಎನ್ನುತ್ತೀರಿ. ನಿಮ್ಮ 373 ಸಿಸಿ ಎಂಜಿನ್ 9,000 ಆರ್‌ಪಿಎಂನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 28 ಲೀಟರ್ ಗಾಳಿ ಹೀರುತ್ತದೆ, ಅದೂ 20 ಮಿ.ಮೀ. ರಿಸ್ಟ್ರಿಕ್ಟರಿನ ಮೂಲಕ. ಬಿಸಿಯಾದ ಮೇಲೆ ಮೂರು ಪಟ್ಟು ಹಿಗ್ಗಿದರೂ ಸರಿಯಾಗಿ ಕಟ್ಟಿದ ಕೋಣೆ ಅದನ್ನು ಉಸಿರುಗಟ್ಟಿಸುವುದಿಲ್ಲ. ಪವರನ್ನು ನಿಜವಾಗಿ ಕೆಡಿಸುವುದು ಬೇರೆಯದೇ ಇದೆ, ಉದ್ದವನ್ನು ಮನಬಂದಂತೆ ಕತ್ತರಿಸುವುದು. ವಾಲ್ವ್ ತೆರೆದಾಗ ಹೊರಟ ಒತ್ತಡದ ಅಲೆ ಮೊದಲ ಅಗಲವಾದ ಜಾಗ ಸಿಕ್ಕಿದೊಡನೆ ಎಳೆತದ ಅಲೆಯಾಗಿ ಹಿಂತಿರುಗುತ್ತದೆ. 0.6 ಮೀಟರ್ ದೂರ ಹೋಗಿ ಬರಲು ಅದಕ್ಕೆ ಸುಮಾರು 2.2 ಮಿಲಿಸೆಕೆಂಡು. ಅಷ್ಟರಲ್ಲಿ 7,500 ಆರ್‌ಪಿಎಂನಲ್ಲಿ ಕ್ರ್ಯಾಂಕು 98 ಡಿಗ್ರಿ ತಿರುಗಿರುತ್ತದೆ. ಆ ಅಲೆ ಯಾವ ಹೊತ್ತಿಗೆ ವಾಲ್ವಿನ ಬಾಗಿಲಿಗೆ ಬಂದು ನಿಲ್ಲಬೇಕು ಎನ್ನುವುದನ್ನು ನೀವು ಸಿಮ್ಯುಲೇಷನ್ನಿನಲ್ಲಿ ನೋಡಿ ಉದ್ದ ಗೊತ್ತುಮಾಡಿರುತ್ತೀರಿ. ಸೈಡಿಗೆ ತೆಗೆಯುವ ಆತುರದಲ್ಲಿ ಆ ಉದ್ದವನ್ನು ಅರ್ಧ ಮಾಡಿದರೆ ಪೇಪರಿನ ಮೇಲಿದ್ದ ಟಾರ್ಕು ಟ್ರ್ಯಾಕಿನ ಮೇಲಿರುವುದಿಲ್ಲ. ಉದ್ದ ಬಿಡಬೇಡಿ. ಎಂಜಿನ್ನಿನ ಕೆಳಗೋ ಹಿಂದೋ ಒಂದು ಸುತ್ತು ಹಾಕಿಸಿ ಪಕ್ಕಕ್ಕೆ ತನ್ನಿ. ಅರ್ಧ ಕೆ.ಜಿ. ಹೆಚ್ಚಾಗುತ್ತದೆ, ಆಗಲಿ.

ಶಾಖದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಚಾಲಕ ಐದು ಸೆಕೆಂಡಿನೊಳಗೆ ಕಾರಿನಿಂದ ಹೊರಬಿದ್ದು ಎರಡೂ ಕಾಲು ನೆಲಕ್ಕೆ ಊರಬೇಕು ಎಂದು ನಿಮ್ಮ ನಿಯಮವೇ ಹೇಳುತ್ತದೆ. ಆ ಐದು ಸೆಕೆಂಡಿನಲ್ಲಿ ಯಾರೂ ಕೆಳಗೆ ನೋಡಿ ಕಾಲಿಡುವುದಿಲ್ಲ. ಬೆಂಕಿ ಕಂಡಿರುತ್ತದೆ, ಕೈಗೆ ಸಿಕ್ಕಿದ್ದನ್ನು ಹಿಡಿದು, ಕಾಲಿಗೆ ಸಿಕ್ಕಿದ್ದನ್ನು ತುಳಿದು ಹಾರುತ್ತಾರೆ. ಮೇನ್ ಹೂಪಿನಿಂದ ಮುಂದೆ ಮೈಯಿಂದ ಹೊರಚಾಚುವ ಪೈಪಿಗೆ ಕವಚ ಹಾಕಲೇಬೇಕು, ಅದರ ಹೊರಮೈ ಮುಟ್ಟಿದರೆ ಸುಡಬಾರದು ಎಂಬ ನಿಯಮ ಇರುವುದು ಇದಕ್ಕೇ. ಕಾರಿನತ್ತ ಓಡಿಬರುವ ಮಾರ್ಷಲನ ಕೈಯೂ ಆ ನಿಯಮದೊಳಗಿದೆ.

ಕವಚ ಎಂದರೆ ಪೈಪಿಗೆ ಅಂಟಿಸಿದ ಒಂದು ತಗಡಲ್ಲ. ಪೈಪಿಗೂ ತಗಡಿಗೂ ನಡುವೆ ಕನಿಷ್ಠ ಒಂದು ಬೆರಳು ಗಾಳಿಯಿರಲಿ, ಕೆಳಗಿನಿಂದ ಗಾಳಿ ಹೊಕ್ಕು ಮೇಲಿನಿಂದ ಹೋಗುವಂತಿರಲಿ. ತಗಡನ್ನು ಪೈಪಿಗೆ ಹಿಡಿಯುವ ಕ್ಲಿಪ್ಪುಗಳೂ ಶಾಖವನ್ನು ಸಾಗಿಸುತ್ತವೆ, ಆದಷ್ಟು ಕಡಿಮೆ ಹಾಕಿ. ಪೈಪಿನ ಮೇಲ್ಮೈ 300 ಡಿಗ್ರಿಯಿಂದ 400ಕ್ಕೆ ಏರಿದರೆ ಅದು ಸುತ್ತ ಚೆಲ್ಲುವ ವಿಕಿರಣದ ಶಾಖ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸಾಮಾನ್ಯ ಎಪಾಕ್ಸಿ ರಾಳ ನೂರು, ನೂರಿಪ್ಪತ್ತು ಡಿಗ್ರಿಗೆಲ್ಲ ಮೆತ್ತಗಾಗತೊಡಗುತ್ತದೆ. ಕಾರ್ಬನ್ ಫೈಬರ್ ಎಂದ ಮಾತ್ರಕ್ಕೆ ಶಾಖ ತಡೆಯುತ್ತದೆ ಎಂದು ನಂಬಬೇಡಿ, ನೂಲು ತಡೆದರೂ ಅದನ್ನು ಹಿಡಿದಿರುವ ರಾಳ ತಡೆಯುವುದಿಲ್ಲ. ಪೆಟ್ರೋಲಿನ ನಳಿಗೆ, ಬ್ರೇಕಿನ ನಳಿಗೆ, ವೈರಿಂಗ್, ಇವುಗಳನ್ನು ಸಾಧ್ಯವಾದರೆ ಕಾರಿನ ಇನ್ನೊಂದು ಪಕ್ಕಕ್ಕೇ ಸಾಗಿಸಿ. ಹಿಂದಿನ ಟೈರನ್ನೂ ಮರೆಯಬೇಡಿ. ಪೈಪಿನ ಬಾಯಿ ಟೈರಿನ ಪಕ್ಕೆಗೆ ನೇರ ಊದುತ್ತಿದ್ದರೆ ಆ ಒಂದು ಟೈರಿನ ಒತ್ತಡ ಬೇರೆಯಾಗಿ ಏರುತ್ತದೆ, ನೀವು ಸಸ್ಪೆನ್ಷನ್ನಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ.

ಹೊಗೆಯನ್ನು ನೋಡುವುದಕ್ಕೆ ಖರ್ಚೇ ಇಲ್ಲ. ಉಣ್ಣೆಯ ದಾರವನ್ನು ಗೇಣುದ್ದ ಕತ್ತರಿಸಿ ಸೈಡ್ ಪ್ಯಾನೆಲ್ಲು, ಕಾಕ್‌ಪಿಟ್ಟಿನ ಅಂಚು, ತಲೆಯ ಹಿಂದಿನ ಹೂಪು, ಎಲ್ಲ ಕಡೆ ಟೇಪಿನಿಂದ ಅಂಟಿಸಿ. ಕಾರು ಓಡಿಸಿ ಪಕ್ಕದಿಂದ ವಿಡಿಯೋ ಮಾಡಿ. ಚಾಲಕನ ಬೆನ್ನ ಹಿಂದೆ ಒತ್ತಡ ಕಡಿಮೆಯಿರುತ್ತದೆ, ದಾರಗಳು ಅಲ್ಲಿ ಮುಂದಕ್ಕೆ ತಿರುಗಿ ಕುಣಿಯುವುದನ್ನು ನಿಮ್ಮ ಕಣ್ಣಾರೆ ನೋಡುತ್ತೀರಿ. ದಾರ ಹೋದ ಕಡೆಗೇ ಕಾರ್ಬನ್ ಮೊನಾಕ್ಸೈಡೂ ಹೋಗುತ್ತದೆ, ಅದಕ್ಕೆ ವಾಸನೆಯಿಲ್ಲ. ಬಾಯಿಯನ್ನು ಒಂದಿಷ್ಟು ಹಿಂದಕ್ಕೂ ಹೊರಕ್ಕೂ ಓರೆ ಮಾಡಿದರೆ ಬಹಳ ಸಲ ಸರಿಹೋಗುತ್ತದೆ. ಇನ್ನೊಂದು: ಲ್ಯಾಂಬ್ಡಾ ಸೆನ್ಸರನ್ನು ಬಾಯಿಯ ಹತ್ತಿರ ಹಾಕಬೇಡಿ. ಗಿಡ್ಡ ಪೈಪಿನಲ್ಲಿ ಕಡಿಮೆ ವೇಗದಲ್ಲಿ ಹೊರಗಿನ ಗಾಳಿ ಒಳಕ್ಕೆ ನುಸುಳುತ್ತದೆ. ಸೆನ್ಸರು ಇಂಧನ ಸಾಲದು ಎಂದು ಸುಳ್ಳು ಹೇಳುತ್ತದೆ, ನೀವು ಅದನ್ನು ನಂಬಿ ಇಂಧನ ಸುರಿಯುತ್ತೀರಿ.

ಬೆಸುಗೆಯ ಬಗ್ಗೆ ಹೇಳದೆ ಹೋದರೆ ನನ್ನ ಕಸುಬಿಗೆ ಅವಮಾನ. ಸ್ಟೇನ್‌ಲೆಸ್ ಪೈಪನ್ನು ಟಿಗ್‌ನಲ್ಲಿ ಬೆಸೆಯುವಾಗ ಹೊರಗಡೆ ಮಾತ್ರ ಆರ್ಗಾನ್ ಬಿಟ್ಟರೆ ಸಾಲದು. ಎರಡೂ ತುದಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಒಂದು ಕಡೆ ಸಣ್ಣ ಕೊಳವೆಯಿಂದ ಆರ್ಗಾನ್ ಒಳಬಿಟ್ಟು, ಇನ್ನೊಂದು ಕಡೆ ಸೂಜಿಯಷ್ಟು ತೂತು ಇಡಬೇಕು. ಒಳಗಿನ ಗಾಳಿಯೆಲ್ಲ ಹೊರಟುಹೋಗುವಷ್ಟು ಹೊತ್ತು ಸುಮ್ಮನೆ ಕಾಯಬೇಕು. ಆಮೇಲೆ ಟಾರ್ಚ್ ಹೊತ್ತಿಸಬೇಕು. ಹೀಗೆ ಮಾಡಿದ ಬೆಸುಗೆಯ ಒಳಮೈಯನ್ನು ಮೊಬೈಲಿನ ಬೆಳಕಿನಲ್ಲಿ ನೋಡಿ: ನುಣ್ಣಗೆ, ತಿಳಿ ಹೊಂಬಣ್ಣದಲ್ಲಿರುತ್ತದೆ. ಆರ್ಗಾನ್ ಇಲ್ಲದೆ ಮಾಡಿದ್ದರ ಒಳಗೆ ಕಪ್ಪು ಹರಳುಗಟ್ಟಿ ಒರಟೊರಟಾಗಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಹೊಳೆಯುತ್ತವೆ, ಬಿರುಕು ಬಿಡುವುದು ಎರಡನೆಯದು. ಒಂದು ಮೀಟರ್ ಸ್ಟೇನ್‌ಲೆಸ್ ಪೈಪು 500 ಡಿಗ್ರಿ ಕಾದರೆ ಎಂಟು ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ಆ ಎಂಟು ಮಿ.ಮೀ. ಎಲ್ಲಿಗೆ ಹೋಗಬೇಕು? ಎಂಜಿನ್ ಕಡೆಯೂ ಚಾಸಿಸ್ ಕಡೆಯೂ ಬಿಗಿಯಾಗಿ ಬೋಲ್ಟ್ ಮಾಡಿದ್ದರೆ ಅದು ಫ್ಲಾಂಜಿನ ಬೆಸುಗೆಯನ್ನೇ ಹರಿಯುತ್ತದೆ. ನಡುವೆ ಸ್ಪ್ರಿಂಗ್ ಹಾಕಿದ ಸ್ಲಿಪ್ ಜಾಯಿಂಟ್ ಕೊಡಿ, ಸೈಲೆನ್ಸರನ್ನು ರಬ್ಬರಿನ ಮೇಲೆ ತೂಗಿಸಿ.

ಇನ್ನು ರಸ್ತೆಯ ಮಾತು. ಫಾರ್ಮುಲಾ ಕಾರಿನಲ್ಲಿ ಕಲಿತದ್ದನ್ನು ಮನೆಯ ಕಾರಿನ ಮೇಲೂ ಮಾಡಬೇಕು ಅನ್ನಿಸುವುದು ಸಹಜ. ಆ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ, ನೀವೂ ಮಾಡಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರಿನ ಹೊಗೆ ಕೆಳಕ್ಕಾಗಲಿ ಎಡಕ್ಕಾಗಲಿ ಬಿಡಬಾರದು ಎಂದಿದೆ. ಎಡಕ್ಕೆ ಯಾಕೆ ಬೇಡ ಎನ್ನುವುದು ನಮ್ಮ ಯಾವ ಊರಿನ ರಸ್ತೆಯ ಅಂಚಿನಲ್ಲಿ ನಿಂತರೂ ತಿಳಿಯುತ್ತದೆ. ನಡೆದು ಹೋಗುವವರು, ಬಸ್ಸಿಗೆ ಕಾದವರು, ತಳ್ಳುಗಾಡಿಯವರು, ಅವ್ವನ ಕೈ ಹಿಡಿದ ಮಕ್ಕಳು ಇರುವುದು ಆ ಕಡೆಗೆ. ಆ ಮಕ್ಕಳ ಮುಖ ಪೈಪಿನ ಬಾಯಿಯ ಎತ್ತರಕ್ಕೆ ಎಷ್ಟು ಹತ್ತಿರ ಎಂದು ಯೋಚಿಸಿ. ಪೆಟ್ರೋಲಿನ ನಳಿಗೆಗೂ ಹೊಗೆಯ ಪೈಪಿಗೂ 35 ಮಿ.ಮೀ. ಅಂತರವಾದರೂ ಇರಬೇಕೆಂಬುದೂ ಅದೇ ನಿಯಮಗಳಲ್ಲಿದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದೆ ವಾಹನ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಶಬ್ದ, ಹೊಗೆಯ ಮಿತಿ ಮೀರಿದರೆ ಹತ್ತು ಸಾವಿರದವರೆಗೆ. ಕರ್ನಾಟಕದ ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ನೀವೂ ಪತ್ರಿಕೆಯಲ್ಲಿ ಕಂಡಿದ್ದೀರಿ. ಯಾರೋ ಒಬ್ಬ ಬೆಸೆದ ಪೈಪುಗಳು ಅವು, ಆ ಚಿತ್ರ ನೋಡಿದಾಗ ನನಗೆ ಸಂಕಟವಾಗುತ್ತದೆ. ಆದರೂ ಪೊಲೀಸರು ಮಾಡಿದ್ದು ಸರಿ. ನಿಮ್ಮ ಕಾರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಕಾಲೇಜಿನ ಮೈದಾನವಿದೆ. ಅಲ್ಲಿ ಅದರ ಗಂಟಲು ತೆರೆಯಲಿ.

"ಎಲ್ಲ ಎಲೆಕ್ಟ್ರಿಕ್ ಆಗುತ್ತಿದೆ, ಈ ಕಾಲದಲ್ಲಿ ಸೈಲೆನ್ಸರ್ ಪಾಠ ಯಾಕೆ" ಎಂದು ಕೇಳುವಿರಿ. ಅದನ್ನು ನನಗಿಂತ ಹತ್ತಿರದಿಂದ ನೋಡುತ್ತಿರುವವರು ಕಡಿಮೆ. ನಮ್ಮ ಅಂಗಡಿಯಾಚೆಗೇ ಬಿಡಕಿನ್ ಕೈಗಾರಿಕಾ ಪ್ರದೇಶ, 7,855 ಎಕರೆ. 2024ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಅದನ್ನು ದೇಶಕ್ಕೆ ಅರ್ಪಿಸಿದರು. ಅದೇ ವರ್ಷ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಈ ಜಿಲ್ಲೆಯಲ್ಲಿ ಕಾರ್ಖಾನೆ ಕಟ್ಟಲು ಮಹಾರಾಷ್ಟ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನ ಏಥರ್ ಕೂಡ ಇಲ್ಲಿಗೆ ಬರುವುದಾಗಿ ಹೇಳಿತು. ಏಥರ್ ಸ್ಕೂಟರಿಗೆ ಸೈಲೆನ್ಸರೇ ಇಲ್ಲ. ನನ್ನ ಕಸುಬಿಗೆ ಎಷ್ಟು ವರ್ಷ ಉಳಿದಿದೆಯೋ ಗೊತ್ತಿಲ್ಲ, ಆದರೆ ನಿಮ್ಮ ಕಾರಿನಲ್ಲಿ ಈ ವರ್ಷ ಎಂಜಿನ್ನಿದೆ, ಅದರ ಪಕ್ಕದಲ್ಲಿ ಈ ವರ್ಷ ನಿಮ್ಮ ಗೆಳತಿಯೋ ಗೆಳೆಯನೋ ಕೂರುತ್ತಾರೆ. ಮುಂದೆ ನೀವು ಬ್ಯಾಟರಿ ಕೂರಿಸುವ ಕೆಲಸಕ್ಕೆ ಹೋದರೂ ಶಾಖ ಯಾವ ಕಡೆಗೆ ಹೊರಟಿತು, ಆ ಕಡೆ ಯಾರಿದ್ದಾರೆ ಎಂದು ಕೇಳಲೇಬೇಕಾಗುತ್ತದೆ.

ಪೈಪು ಮಾಡಿಸಲು ಯಾವ ಊರಿನ ಯಾವ ವರ್ಕ್‌ಶಾಪಿಗೆ ಹೋದರೂ ಸರಿ, ಎಂಜಿನ್ ಚಾಸಿಸ್ಸಿನಲ್ಲಿ ಕೂತ ಮರುದಿನವೇ ಹೋಗಿ, ಬಾಡಿ ಪ್ಯಾನೆಲ್ಲುಗಳ ಅಚ್ಚು ಎರೆಯುವುದಕ್ಕೆ ಮುಂಚೆ. ಕೈಯಲ್ಲಿ ಬರೀ ಎಂಜಿನ್ನಿನ ಡ್ರಾಯಿಂಗ್ ಹಿಡಿದು ಹೋಗಬೇಡಿ. ಸೀಟು, ಬೆಲ್ಟು, ಸ್ಟೀರಿಂಗ್ ಎಲ್ಲ ಕೂರಿಸಿ, ನಿಮ್ಮ ತಂಡದ ಅತಿ ಎತ್ತರದ ಚಾಲಕರನ್ನೂ ಅತಿ ಗಿಡ್ಡ ಚಾಲಕರನ್ನೂ ಹೆಲ್ಮೆಟ್ಟು, ರೇಸ್ ಸೂಟಿನ ಸಮೇತ ಕರೆದುಕೊಂಡು ಹೋಗಿ. ಇಬ್ಬರೂ ಹತ್ತಲಿ, ಗಡಿಯಾರ ಹಿಡಿದು ಇಳಿಸಿ. ಮೊಣಕೈ ಎಲ್ಲಿ ತಾಗಿತು, ಮೊದಲ ಕಾಲು ಎಲ್ಲಿ ಬಿತ್ತು, ಕೈ ಯಾವ ಪೈಪನ್ನು ಹಿಡಿಯಿತು ಎಂದು ಸೀಮೆಸುಣ್ಣದಿಂದ ಚಾಸಿಸ್ ಮೇಲೇ ಗುರುತು ಹಾಕಿ. ವೆಲ್ಡರಿಗೆ ಮೊದಲು ಆ ಗುರುತುಗಳನ್ನು ತೋರಿಸಿ, ಆಮೇಲೆ ಪೈಪಿನ ಅಳತೆ ಕೊಡಿ. ಈ ಕಡೆ ಬಂದರೆ ನನ್ನ ಬಳಿಗೂ ಬನ್ನಿ. ಸೀಮೆಸುಣ್ಣ ನನ್ನಲ್ಲಿದೆ.

ನಿಮ್ಮ ಅಣ್ಣನಂಥವನು,
ಬಿಡಕಿನ್‌ನ ಒಬ್ಬ ಸೈಲೆನ್ಸರ್ ಕೆಲಸಗಾರ